ಅತ್ತೆಯ ಕೈಗೆ ರಜೆ

ನಮ್ಮ ಅತ್ತೆಗೆ ಸಿಟ್ಟು ಬಂದರೆ ಬಾಯಿ ಮಾಡುವುದಿಲ್ಲ, ಬಟ್ಟೆ ಒಗೆಯುತ್ತಾರೆ. ಒಗೆದದ್ದನ್ನೇ ಮತ್ತೆ ಒಗೆಯುತ್ತಾರೆ. ಆವತ್ತು ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಒಂದೇ ಮೇಜುಬಟ್ಟೆಯನ್ನು ಮತ್ತೆ ಮತ್ತೆ ಕಲ್ಲಿಗೆ ಬಡಿಯುವ ಸದ್ದು ಕೇಳಿ, ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಅಂದುಕೊಂಡೆ. ನನಗಂತೂ ಅಲ್ಲ. ಎದ್ದಾಗಿನಿಂದ ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ.

ನಮ್ಮದು ಲಾಂಡ್ರಿ. ರಸ್ತೆಗೆ ಮುಖ ಮಾಡಿರುವ ಕೋಣೆಯೇ ಅಂಗಡಿ. ನಡುವಿನ ಕೋಣೆಯಲ್ಲಿ ಊಟ, ನಿದ್ದೆ, ಜಗಳ. ಹಿಂದೆ ನೀರಿನ ತೊಟ್ಟಿ, ಒಗೆಯುವ ಕಲ್ಲು, ಒಣಹಾಕುವ ಹಗ್ಗಗಳು. ಮಾವ ಇಸ್ತ್ರಿ ಮಾಡುತ್ತಾರೆ. ನಮ್ಮವರು, ಅಂದರೆ ನನ್ನ ಗಂಡ, ಸ್ಕೂಟರಿನಲ್ಲಿ ಹೋಟೆಲು, ಲಾಡ್ಜು, ಮನೆಗಳಿಂದ ಬಟ್ಟೆ ತಂದು ಮುಟ್ಟಿಸಿ ಬರುತ್ತಾರೆ. ನಾನು ಗುಂಡಿ ಹಾಕುತ್ತೇನೆ, ಹರಿದದ್ದು ಹೊಲಿಯುತ್ತೇನೆ, ಯಾರ ಬಟ್ಟೆ ಯಾರದೆಂದು ಗುರುತು ಹಾಕುತ್ತೇನೆ. ಕಲೆ ತೆಗೆಯುವುದು ಅತ್ತೆ. ಎಣ್ಣೆ, ಮಸಿ, ಹಣ್ಣಿನ ರಸ, ಏನೇ ಇರಲಿ, ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಬೆರಳ ತುದಿಯಿಂದ ಉಜ್ಜಿ ಉಜ್ಜಿ ತೆಗೆದುಬಿಡುತ್ತಾರೆ. ಬ್ರಷ್ ಕೊಟ್ಟರೆ ಪಕ್ಕಕ್ಕೆ ಇಡುತ್ತಾರೆ. "ಬ್ರಷ್‌ಗೆ ಕಲೆ ಎಲ್ಲಿದೆ ಅಂತ ಗೊತ್ತಾಗತ್ತೇನೇ?" ಅನ್ನುತ್ತಾರೆ.

ದುಡ್ಡು ಇಸಿದುಕೊಳ್ಳುವುದೂ ಅವರೇ ಆಗಿತ್ತು. ಸೊಂಟದಲ್ಲಿ ಒಂದು ಬಟ್ಟೆಯ ಚೀಲ. ದಿನವಿಡೀ ಅದು ತುಂಬುತ್ತಿತ್ತು, ರಾತ್ರಿ ಊಟವಾದ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಸಾಬೂನಿಗೆ ಇಷ್ಟು, ಕರೆಂಟಿಗೆ ಇಷ್ಟು, ತರಕಾರಿಗೆ ಇಷ್ಟು. ಆಮೇಲೆ ನಾವು ಮೂವರೂ ಕೈಯೊಡ್ಡಬೇಕು. ಮಾವನಿಗೆ ಟೀ ಕಾಸು, ಮಗನಿಗೆ ಪೆಟ್ರೋಲು, ನನಗೆ ದಾರ, ಗುಂಡಿ, ಮತ್ತೆ ಕೈಖರ್ಚಿಗೆ ಇರಲಿ ಅಂತ ಒಂದು ಚಿಕ್ಕ ನೋಟು. ಕೊಡುವಾಗ ಗೊಣಗುತ್ತಿದ್ದರು. ಆದರೆ ಒಂದು ದಿನವೂ ಕೊಡದೆ ಎದ್ದವರಲ್ಲ.

ಆ ಬೆಳಗಿನ ಸಿಟ್ಟಿಗೆ ಕಾರಣ ಅಂಗಡಿಯ ಕಟ್ಟೆಯ ಮೇಲೆ ನಿಂತಿತ್ತು. ಚೌಕ ಚೌಕ ಗುರುತಿನ ಒಂದು ಹಲಗೆ. ಗಿರಾಕಿ ಅದಕ್ಕೆ ಫೋನು ಹಿಡಿದರೆ ದುಡ್ಡು ನೇರ ಬ್ಯಾಂಕಿಗೆ. ಎಲ್ಲರ ಬಾಯಲ್ಲೂ ಅದು ಸ್ಕ್ಯಾನರ್. ಅದರ ಜೊತೆಗೆ ಅಂಗೈಯಗಲದ ಒಂದು ಡಬ್ಬಿ, ದುಡ್ಡು ಬಂದಾಗಲೆಲ್ಲ ಕೂಗಿ ಹೇಳುವಂಥದ್ದು. ಎರಡನ್ನೂ ಹಿಂದಿನ ಸಂಜೆ ನಮ್ಮವರೇ ತಂದಿದ್ದರು, ತಮ್ಮದೇ ಹೆಸರಿನಲ್ಲಿ.

"ಅಮ್ಮ, ಈಗ ಯಾರ ಜೇಬಲ್ಲೂ ನೋಟಿಲ್ಲ. ಎದುರಿನ ಮೆಷಿನ್ ಲಾಂಡ್ರಿಯವನು ಇಟ್ಕೊಂಡು ವರ್ಷವಾಯ್ತು. ನಾವು ಚಿಲ್ಲರೆ ಇಲ್ಲ, ಚಿಲ್ಲರೆ ಇಲ್ಲ ಅಂತ ಎಷ್ಟು ಜನರನ್ನ ಕಳಿಸಿಬಿಟ್ಟಿದೀವಿ ಗೊತ್ತಾ?" ಎಂದರು.

"ಇಟ್ಕೊಳ್ಳಪ್ಪ. ನಾನು ಬೇಡ ಅಂದ್ನಾ?"

ಬೇಡ ಅಂದಿರಲಿಲ್ಲ, ನಿಜ. ಮೇಜುಬಟ್ಟೆ ಮಾತ್ರ ನಡುವೆ ಹರಿಯಿತು. ಅದನ್ನು ಹೊಲಿದವಳು ನಾನು.

ನಮ್ಮವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೊದಲ ವಾರವೇ ಗಿರಾಕಿ ಹೆಚ್ಚಿದರು. ಕಾಲೇಜಿನ ಹುಡುಗರು, ಆಸ್ಪತ್ರೆಯ ನರ್ಸುಗಳು, ಒಂದು ಅಂಗಿಗೆ ಬಂದವರೂ ಫೋನು ಹಿಡಿದು ಹೋಗುವರು. ಬ್ಯಾಂಕಿನಲ್ಲಿ ದುಡ್ಡು ಓಡಾಡುತ್ತಿದ್ದರೆ ಮುಂದೆ ಒಂದು ದೊಡ್ಡ ವಾಷಿಂಗ್ ಮೆಷಿನ್‌ಗೆ ಸಾಲ ಸಿಗುತ್ತದಂತೆ. ಡಬ್ಬಿಯಂತೂ ವಾಚಾಳಿ. "ಅರವತ್ತು ಜಮಾ ಆಗಿದೆ" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚುವುದು. ಮಾವ ಮೊದಮೊದಲು ಬೆಚ್ಚಿ, ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಒಬ್ಬ ಮೇಷ್ಟ್ರ ಪ್ಯಾಂಟು ಸುಟ್ಟರು. ಆಮೇಲೆ ಅದರ ಜೊತೆ ಮಾತಿಗಿಳಿದರು. "ಆಯ್ತು ಮಾರಾಯ್ತಿ, ಕೇಳಿಸ್ತು" ಅನ್ನುವರು.

ಅತ್ತೆಯ ಚೀಲ ಮಾತ್ರ ದಿನದಿನಕ್ಕೆ ಒಣಗಿತು. ರಾತ್ರಿ ಊಟವಾದ ಮೇಲೆ ಅವರು ಸೊಂಟಕ್ಕೆ ಕೈ ಹಾಕುವುದು, ಎರಡು ಪುಡಿಗಾಸು ತೆಗೆದು ನೋಡಿ ಮತ್ತೆ ಒಳಗೆ ಹಾಕುವುದು. ನಮ್ಮವರು ಫೋನಿನಲ್ಲೇ ಕರೆಂಟು ಕಟ್ಟಿದರು, ಸಾಬೂನಿನವನಿಗೆ ಕಳಿಸಿದರು. ನನ್ನ ಫೋನಿಗೂ ಒಂದಿಷ್ಟು ಹಾಕಿದರು. ಮಾವನ ಟೀ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಕೊಡುವುದೆಂದು ಮಾತಾಯಿತು. ಕೈಯೊಡ್ಡುವವರು ಯಾರೂ ಇರಲಿಲ್ಲ. ನಾನೇನು ದೇವತೆಯಲ್ಲ. ಒಂದು ವಾರ ನನಗೂ ಹಾಯೆನ್ನಿಸಿತು. ಎರಡು ಮೊಳ ದಾರಕ್ಕೂ ಲೆಕ್ಕ ಕೇಳಿಸಿಕೊಂಡವಳು ನಾನು.

ಆ ಹಾಯಿ ಉಳಿದದ್ದು ಭಾನುವಾರದ ತನಕ.

ನಾದಿನಿ ಬಂದಿದ್ದಳು. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯವಳು, ಗಂಡನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಭಾನುವಾರ ಬಂದು, ಉಂಡು, ಅಮ್ಮನ ತಲೆ ಬಾಚಿ ಹೋಗುವಾಗ ಅತ್ತೆ ಅವಳನ್ನು ಬಾಗಿಲ ತನಕ ಕಳಿಸುವ ನೆಪದಲ್ಲಿ ಕೈಗೆ ಮಡಿಸಿದ ನೋಟು ತುರುಕುವುದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದೆವು. ಆವತ್ತು ಅತ್ತೆ ಸೊಂಟಕ್ಕೆ ಕೈ ಹಾಕಿ, ತೆಗೆದು, ಅಂಗಡಿಗೆ ಬಂದರು. ನಮ್ಮವರು ತಲೆ ಬಗ್ಗಿಸಿ ಗಂಟು ಕಟ್ಟುತ್ತಿದ್ದರು.

"ಸ್ವಲ್ಪ ದುಡ್ಡು ಕೊಡೋ."

"ಎಷ್ಟಮ್ಮ? ಯಾಕೆ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಬಾಯಿಗೆ ಬಂತು, ಕೇಳಿದರು. ಅತ್ತೆ ಮಗಳ ಕಡೆ ನೋಡಿದರು. ಬಾಗಿಲಲ್ಲಿ ನಿಂತ ನಾದಿನಿಯ ಮುಖ ಕೆಂಪಾಯಿತು.

"ನಂಗೇನೂ ಬೇಡಮ್ಮ. ನಾನು ಕೇಳಿದ್ನಾ?"

"ಓ, ಇವಳಿಗಾ? ಹೇಳ್ಬಾರ್ದಾ! ಇರು, ಇವಳ ಫೋನಿಗೇ ಹಾಕ್ತೀನಿ" ಎಂದು ನಮ್ಮವರು ಅಲ್ಲೇ ನಿಂತು ಹಾಕಿಯೂ ಬಿಟ್ಟರು. ಅತ್ತೆ ಕೊಡುತ್ತಿದ್ದುದಕ್ಕಿಂತ ಜಾಸ್ತಿಯೇ ಹಾಕಿದರು. "ಥ್ಯಾಂಕ್ಸ್ ಅಣ್ಣ" ಎಂದು ಅವಳು ಹೋದಳು.

ಅತ್ತೆ ಒಳಗೆ ಬಂದು ಗೋಡೆಗೊರಗಿ ಕೂತರು. "ಅವನು ಕೊಟ್ಟ. ನಾನು ಸುಮ್ನೆ ನಿಂತಿದ್ದೆ, ಕಂಬದ ಹಾಗೆ" ಎಂದರು. ಬಟ್ಟೆ ಒಗೆಯಲು ಹೋಗಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನದಿಂದ ಅವರದೇ ಒಂದು ಉಪಾಯ ಶುರುವಾಯಿತು. ನಮ್ಮವರು ಸ್ಕೂಟರು ಹತ್ತಿದ ಕೂಡಲೇ ಸ್ಕ್ಯಾನರನ್ನು ಮಡಿಸಿಟ್ಟ ಬಟ್ಟೆಗಳ ಅಡಿಗೆ ತಳ್ಳುವುದು. ಗಿರಾಕಿ ಬಂದರೆ, "ಅದು ಕೆಟ್ಟಿದೆ ಕಣಪ್ಪ, ನೋಟಿದ್ರೆ ಕೊಡು." ಇದ್ದವರು ಕೊಟ್ಟರು, ಇಲ್ಲದವರು ಆಮೇಲೆ ಕೊಡುತ್ತೇವೆಂದು ಹೋದರು. ನಾನು ನೋಡಿಯೂ ನೋಡದವಳಂತಿದ್ದೆ. ಮಾವನಿಗೆ ಗೊತ್ತೇ ಇರಲಿಲ್ಲ. ಅವರಿಗೆ ಮುಂದಿರುವ ಅಂಗಿಯ ತೋಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಡಬ್ಬಿ ಕೂಗಿತು, "ಐವತ್ತು ಜಮಾ ಆಗಿದೆ."

ಮಾವ ತಲೆಯೆತ್ತಿ ಅತ್ತಿತ್ತ ನೋಡಿದರು. "ಯಾರಮ್ಮ ಬಂದಿದ್ದು?"

"ಯಾರೂ ಇಲ್ಲ ಮಾವ."

ಸಂಜೆಯೊಳಗೆ ಮತ್ತೆ ಕೂಗಿತು, ಇಪ್ಪತ್ತು. ಮಾರನೆಯ ಬೆಳಿಗ್ಗೆ ನೂರು. ಮಾವ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಇದಕ್ಕೆ ತಲೆ ಕೆಟ್ಟಿದೆ ಕಣೋ. ಇಲ್ದಿದ್ರೆ ಯಾರೋ ಪುಣ್ಯಾತ್ಮರು ನಮಗೆ ದಾನ ಮಾಡ್ತಿದಾರೆ" ಎಂದರು. ನಮ್ಮವರು ಸ್ಕ್ಯಾನರ್ ಎಲ್ಲಿ ಎಂದು ಹುಡುಕಿದರು. ಕಟ್ಟೆ ಮೇಲಿಲ್ಲ, ಕೆಳಗಿಲ್ಲ. ಅತ್ತೆ ಬಟ್ಟೆ ರಾಶಿಯ ಅಡಿಗೆ ಕೈ ಹಾಕಿದವರು ಬೆಪ್ಪಾಗಿ ನಿಂತರು.

ಅಷ್ಟು ಹೊತ್ತಿಗೆ ಲಾಡ್ಜಿನ ಮ್ಯಾನೇಜರ್ ಫೋನು. "ಏನ್ರೀ, ನಿಮ್ಮ ಸ್ಕ್ಯಾನರ್ ನಮ್ಮ ಮೇಲಿನ ರೂಮಲ್ಲಿ ದಿಂಬಿನ ಪಕ್ಕ ಮಲಗಿದೆಯಲ್ರೀ! ರೂಮಿಗೆ ಬಂದವರೆಲ್ಲ ಅದು ಕ್ಲೀನ್ ಮಾಡೋಳಿಗೆ ಟಿಪ್ಸ್ ಅಂದ್ಕೊಂಡು ಹಾಕ್ತಿದಾರೆ. ಆಕೆಗೆ ಒಂದು ಕಾಸೂ ಇಲ್ಲ, ನಿಮಗೆ ಸುಗ್ಗಿ!"

ಅತ್ತೆ ಲಾಡ್ಜಿನ ಹಾಸಿಗೆ ಬಟ್ಟೆಗಳ ಅಡಿಗೆ ತೂರಿಸಿದ್ದು, ಮಾವ ನೋಡದೆ ಗಂಟು ಕಟ್ಟಿದ್ದು, ನಮ್ಮವರು ಹೊತ್ತುಕೊಂಡು ಹೋಗಿ ಮುಟ್ಟಿಸಿದ್ದು. ಮೂವರೂ ಸೇರಿ ಮಾಡಿದ ಘನಕಾರ್ಯ. ನಮ್ಮವರು ಹೋಗಿ, ಕ್ಲೀನ್ ಮಾಡುವ ಹೆಂಗಸಿಗೆ ಅವಳ ದುಡ್ಡು ಕೊಟ್ಟು, ಸ್ಕ್ಯಾನರ್ ತಂದು ಕಟ್ಟೆ ಮೇಲೆ ಕುಕ್ಕಿದರು.

ರಾತ್ರಿ ಊಟಕ್ಕೆ ಅನ್ನ, ಬೇಯಿಸಿದ ಮೊಟ್ಟೆ. ಯಾರೂ ಮೊಟ್ಟೆ ಮುಟ್ಟಲಿಲ್ಲ.

"ಅಮ್ಮ, ನಿಂಗೇನಾಗಿದೆ? ನಾನು ಬಿಸಿಲಲ್ಲಿ ಅಲೆದು ಗಿರಾಕಿ ತರ್ತೀನಿ, ನೀನು ಓಡಿಸ್ತೀಯ!"

"ನಾನು ಓಡಿಸಿಲ್ಲ. ನೋಟಿದ್ರೆ ಕೊಡಿ ಅಂದೆ."

"ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ!" ಅತ್ತೆಯ ದನಿ ಏರಿತು. "ನಿಮ್ಮಪ್ಪನ್ನ ಕಟ್ಟಿಕೊಂಡು ಬಂದಾಗಿನಿಂದ ಆ ಕಲ್ಲಿನ ಮುಂದೆ ಕೂತಿದೀನಿ ಕಣೋ. ದುಡಿದದ್ದು ನನ್ನ ಕೈಯಲ್ಲಿ ಇರ್ತಿತ್ತು. ಈಗ ನಾನೂ ಅಷ್ಟೇ ಒಗೀತೀನಿ, ಅದು ನಿನ್ನ ಹೆಸರು ಹೇಳ್ಕೊಂಡು ಬ್ಯಾಂಕಿಗೆ ಹೋಗತ್ತೆ. ನನ್ನ ಮಗಳಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಕೊಡೋಕೆ ನಿನ್ನ ಹತ್ರ ನಿಂತು ಕಾರಣ ಹೇಳಬೇಕು. ನನಗೆ ನಾಚಿಕೆಯಾಗತ್ತೋ!"

ಮಾವ ತಟ್ಟೆ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಸೊಸೆಗೆ ಲಕ್ಷಣವಂತೆ. ನನಗೆ ಆ ಲಕ್ಷಣ ಎಂದೂ ಇರಲಿಲ್ಲ.

"ಅದಕ್ಕೇನಂತೆ, ಸ್ಕ್ಯಾನರನ್ನ ಅತ್ತೆ ಹೆಸರಿಗೇ ಮಾಡಿ" ಎಂದೆ.

"ಅಮ್ಮಂಗೆ ಖಾತೆಯೇ ಇಲ್ಲ."

"ಇಲ್ದಿದ್ರೆ ಮಾಡಿಸಿ. ಬ್ಯಾಂಕು ಏನು ಚಂದ್ರಲೋಕದಲ್ಲಿದೆಯಾ?"

"ನಂಗೆ ಓದೋಕೆ ಬರಲ್ವಲ್ಲೇ" ಎಂದರು ಅತ್ತೆ, ಮೆತ್ತಗೆ.

"ಓದೋದು ಯಾಕೆ? ಮೂಲೆಯ ದಿನಸಿ ಅಂಗಡಿಯಲ್ಲಿ ಚಿಕ್ಕ ಮೆಷಿನ್ ಇದೆ. ಬೆರಳಿಟ್ರೆ ನಿಮ್ಮ ಖಾತೆಯಿಂದ ನೋಟು ಎಣಿಸಿ ಕೊಡ್ತಾನೆ. ಎಷ್ಟೋ ಜನ ತಗೋತಾರೆ. ಬೆರಳು ಇದೆ ತಾನೇ?"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕು ಮೊಟ್ಟೆಗೆ ಕೈ ಹಾಕಿದರು. ಬೆರಳು ಇದೆ ತಾನೇ ಅಂದದ್ದು ನಾನೇ. ಬಾಯಿಗೆ ಹುಳ ಬೀಳಲಿ.

ಬ್ಯಾಂಕಿಗೆ ನಾಲ್ವರೂ ಹೋದೆವು. ಅಂಗಡಿಗೆ ಬೀಗ ಹಾಕಿ ಹೋದದ್ದು. ಅತ್ತೆ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಮಾವ ಅದಕ್ಕೆ ಎರಡೆರಡು ಸಲ ಇಸ್ತ್ರಿ ಎಳೆದಿದ್ದರು. ಕನ್ನಡಕದ ಹುಡುಗಿಯೊಬ್ಬಳು ಮೇಜಿನ ಹಿಂದೆ ಕೂತಿದ್ದಳು. ಒಳ್ಳೆಯವಳು. ಹೆಸರು, ವಿಳಾಸ ಬರೆದುಕೊಂಡು, ಕೆಂಪು ದೀಪದ ಒಂದು ಪುಟ್ಟ ಪೆಟ್ಟಿಗೆ ಮುಂದಿಟ್ಟಳು.

"ಹೆಬ್ಬೆರಳಿಡಿ ಅಮ್ಮ."

ಇಟ್ಟರು. ಪೆಟ್ಟಿಗೆ ಕುಯ್ಯೆಂದಿತು.

"ಒರೆಸಿ ಇನ್ನೊಂದು ಸಲ ಇಡಿ."

ಕುಯ್ಯ್. ತೋರುಬೆರಳು, ನಡುಬೆರಳು, ಈ ಕೈ, ಆ ಕೈ. ಪ್ರತಿ ಸಲವೂ ಕುಯ್ಯ್. ನಮ್ಮ ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡತೊಡಗಿದರು. ಹುಡುಗಿ ಅತ್ತೆಯ ಕೈ ಹಿಡಿದು ತಿರುಗಿಸಿದಳು. ನಾನೂ ಅವತ್ತೇ ಸರಿಯಾಗಿ ನೋಡಿದ್ದು. ಬೆರಳ ತುದಿಗಳು ಒಗೆಯುವ ಕಲ್ಲಿನಂತೆ ನುಣ್ಣಗಾಗಿದ್ದವು. ಒಂದು ಗೆರೆ ಇರಲಿಲ್ಲ. ಅಲ್ಲಲ್ಲಿ ಸೋಡಾ ಕೊರೆದ ಬಿರುಕು ಮಾತ್ರ.

"ಅಮ್ಮ, ನೀವೇನು ಕೆಲಸ ಮಾಡ್ತೀರಿ?"

"ಬಟ್ಟೆ ಒಗೀತೀನಿ. ಕಲೆ ತೆಗೀತೀನಿ."

"ಬೆರಳಿನ ಗೆರೆಯೆಲ್ಲ ಹೋಗಿಬಿಟ್ಟಿದೆ. ಮೆಷಿನ್ನಿಗೆ ನೀವು ಯಾರಂತ ಗೊತ್ತಾಗ್ತಿಲ್ಲ."

"ನಾನು ಯಾರು ಅಂತ ಇವರಿಗೆಲ್ಲ ಗೊತ್ತಲ್ಲಮ್ಮ" ಎಂದು ಅತ್ತೆ ನಮ್ಮ ಕಡೆ ಕೈ ತೋರಿಸಿದರು. ಹುಡುಗಿ ಕಣ್ಣು ಕೆಳಗೆ ಹಾಕಿದಳು. ನನಗೆ ಆ ಪೆಟ್ಟಿಗೆಯನ್ನೇ ಎತ್ತಿ ಬಿಸಾಡೋಣ ಅನ್ನಿಸಿತು.

ಹುಡುಗಿ ದನಿ ತಗ್ಗಿಸಿ ಹೇಳಿದಳು, "ಪೂರ್ತಿ ಹೋಗಿರಲ್ಲ ಅಮ್ಮ. ಚರ್ಮ ಮತ್ತೆ ಬೆಳೆಯತ್ತೆ. ನೀರು, ಸಾಬೂನು, ಸೋಡಾ ಒಂದನ್ನೂ ಮುಟ್ಟಬೇಡಿ. ದಿನಾ ಎಣ್ಣೆ ಹಚ್ಚಿ. ಐದಾರು ವಾರ ಬಿಟ್ಟು ಬನ್ನಿ, ನಾನೇ ಮಾಡಿಕೊಡ್ತೀನಿ."

"ಐದಾರು ವಾರ!" ಎಂದದ್ದು ನಮ್ಮವರು.

"ನೀರು ಮುಟ್ಟದೆ ಇರ್ತಾಳೆ" ಎಂದದ್ದು ಮಾವ.

ಹೀಗೆ ಅತ್ತೆಯ ಕೈಗೆ ರಜೆ ಸಿಕ್ಕಿತು. ನಮಗೆ ಜೈಲು.

ಮರುದಿನ ಅತ್ತೆಯನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಎರಡೂ ಕೈಗೆ ಎಣ್ಣೆ ಹಚ್ಚಿ, ಮೇಲೆ ಮಾವನ ಹಳೆಯ ಕಾಲುಚೀಲ ಹಾಕಿದೆ. ಗೊಂಬೆಯಾಟದ ಗೊಂಬೆಯ ಹಾಗೆ ಕಾಣುತ್ತಿದ್ದರು. ಕಲೆಯ ಕೆಲಸ ನನ್ನ ಪಾಲಿಗೆ, ಒಗೆಯುವುದು ನಮ್ಮವರ ಪಾಲಿಗೆ, ಪಾತ್ರೆ ಮಾವನ ಪಾಲಿಗೆ ಬಂತು. ಮಾವ ಜನ್ಮದಲ್ಲಿ ಒಂದು ಲೋಟ ತೊಳೆದವರಲ್ಲ.

"ಹಾಗಲ್ಲ ರೀ, ತಳ ಉಜ್ಜಬೇಕು. ತಳ!" ಕುರ್ಚಿಯಿಂದ ಅತ್ತೆ.

"ತಳದಲ್ಲಿ ಯಾರು ಊಟ ಮಾಡ್ತಾರೆ?"

"ಒಲೆ ಮಾಡತ್ತೆ! ತಳಕ್ಕೆ ಮಸಿ ಹಿಡಿದ್ರೆ ಗ್ಯಾಸ್ ಸುಮ್ನೆ ಖರ್ಚಾಗತ್ತೆ."

"ಇಷ್ಟು ವರ್ಷ ಇದನ್ನೆಲ್ಲ ನಂಗೆ ಯಾಕೆ ಹೇಳಿಲ್ಲ?"

"ನೀವು ಅಡುಗೆಮನೆ ಕಡೆ ತಲೆ ಹಾಕಿದ್ರೆ ತಾನೇ ಹೇಳೋದು!"

ನಮ್ಮವರ ಪಾಡಂತೂ ಕೇಳಬೇಡಿ. ಸ್ಕೂಟರು ಓಡಿಸಿ ಬಂದು ಮೇಜುಬಟ್ಟೆಗಳನ್ನು ಬಡಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕೂರುವರು. ಎರಡನೇ ವಾರ ತೋಳೆತ್ತಲಾಗದೆ ನಾನು ಅನ್ನ ಕಲಸಿ ಕೊಡಬೇಕಾಯಿತು. "ಅಮ್ಮ ಇದನ್ನ ಹೇಗೆ ಮಾಡ್ತಿದ್ಲೇ, ದಿನಾ?" ಎಂದು ಕೇಳಿದರು. "ಬಾಯಿ ಮುಚ್ಕೊಂಡು" ಎಂದೆ.

ನಾನು ತೆಗೆದ ಕಲೆಗಳ ಬಗ್ಗೆ ಹೇಳುವುದು ಬೇಡ. ಒಂದು ಮದುವೆಯ ಬಿಳಿ ಕೋಟಿನ ಮೇಲಿನ ಹಣ್ಣಿನ ರಸ ನನ್ನ ಕೈಗೆ ಸಿಕ್ಕಿ ಇಡೀ ಬೆನ್ನಿಗೆ ಹರಡಿತು. ಕೋಟಿನವರು ಅಂಗಡಿ ಮುಂದೆ ನಿಂತು ನಮ್ಮ ಮನೆತನವನ್ನೇ ಜಾಲಾಡಿದರು. ಮೂರನೇ ವಾರ ಹೋಟೆಲಿನವರು ಮೇಜುಬಟ್ಟೆಯಲ್ಲಿ ಎಣ್ಣೆ ಹಾಗೇ ಇದೆ ಎಂದು ಅರ್ಧ ಗಂಟು ವಾಪಸು ಕಳಿಸಿದರು. ನಾಲ್ಕನೇ ವಾರ ಗಂಟೇ ಬರಲಿಲ್ಲ. ಎದುರಿನ ಮೆಷಿನ್ ಲಾಂಡ್ರಿಯವನ ಬಾಗಿಲಲ್ಲಿ ಅದೇ ಹೋಟೆಲಿನ ಬುಟ್ಟಿ ಕಂಡಿತು. ನಮ್ಮ ವಾಚಾಳಿ ಡಬ್ಬಿಗೂ ಮೌನ ಹಿಡಿಯಿತು. ಮಾವ ಒಂದೆರಡು ಸಲ ಅದರ ಬೆನ್ನು ತಟ್ಟಿ ನೋಡಿದರು.

ಆ ಸಂಜೆ ನಮ್ಮವರು ಸಿಡಿದರು. "ಸಾಕು! ಒಂದು ಬೆರಳಿಗೋಸ್ಕರ ಇಡೀ ಅಂಗಡಿ ಮುಳುಗಿಸ್ತೀವಾ? ಅಮ್ಮ, ನಿನಗೆ ಎಷ್ಟು ಬೇಕು ಹೇಳು, ದಿನಾ ಬೆಳಿಗ್ಗೆ ನಿನ್ನ ಕೈಗೆ ಇಡ್ತೀನಿ. ಏನೂ ಕೇಳಲ್ಲ. ಆಣೆ ಮಾಡ್ತೀನಿ."

"ಈಗ ಕೇಳಲ್ಲ ಅಂತೀರಿ. ಗಿರಾಕಿ ಕಮ್ಮಿಯಾದ ದಿನ ಕೇಳ್ತೀರಿ" ಎಂದೆ ನಾನು.

"ನೀನು ಸುಮ್ನಿರು. ಇದೆಲ್ಲ ಹಚ್ಚಿದ್ದೇ ನೀನು."

"ಹೌದು, ನಾನೇ! ನಾಳೆ ನಂಗೂ ವಯಸ್ಸಾಗತ್ತೆ. ನನ್ನ ಬೆರಳೂ ಸವೆಯತ್ತೆ. ಆಗ ನಾನು ಯಾರ ಮುಂದೆ ಕೈಯೊಡ್ಡಲಿ, ಹೇಳಿ!"

ಅತ್ತೆ ಎದ್ದು ನಿಂತರು. ಕೈಯಿಂದ ಕಾಲುಚೀಲಗಳನ್ನು ಕಿತ್ತು ಕುರ್ಚಿಯ ಮೇಲಿಟ್ಟರು. "ಜಗಳ ಬೇಡ. ನಂಗೆ ಖಾತೆ ಬೇಡ, ಏನೂ ಬೇಡ. ಆ ಹೋಟೆಲಿನವನಿಗೆ ಫೋನ್ ಮಾಡು, ಬಟ್ಟೆ ಕಳಿಸೋಕೆ ಹೇಳು" ಎಂದು ಸೋಡಾ ಬಕೆಟ್ಟಿನ ಕಡೆ ನಡೆದರು. ಬಗ್ಗಿ ಕೈ ಅದ್ದಬೇಕು, ಅಷ್ಟರಲ್ಲಿ ಮಾವ ಬಂದು ಬಕೆಟ್ಟನ್ನು ಕಾಲಿನಿಂದ ಒದ್ದರು. ನೀರು ಅಂಗಳದ ತುಂಬ ಹರಿಯಿತು. ಮಾವ ಜೋರಾಗಿ ಮಾತಾಡಿದ್ದನ್ನೂ ನಾನು ಕಂಡವಳಲ್ಲ.

"ಮುಟ್ಟಿದ್ರೆ ನೋಡು."

"ಏನ್ರೀ ಇದು, ಹುಚ್ಚಾ ನಿಮಗೆ?"

"ಹೌದು, ಹುಚ್ಚು. ಅವತ್ತು ಬ್ಯಾಂಕಲ್ಲಿ ಆ ಪೆಟ್ಟಿಗೆ ಕುಯ್ ಕುಯ್ ಅಂತಿದ್ರೆ ನಂಗೆ ಹೇಗಾಯ್ತು ಗೊತ್ತಾ? ರೇಷನ್ ಅಂಗಡಿಯಲ್ಲಿ ನನ್ನ ಬೆರಳು ಇಟ್ಟಾಗ ಒಂದೇ ಸಲಕ್ಕೆ ಆಗಿತ್ತು. ಯಾಕಾಯ್ತು? ನಾನು ನೀರು ಮುಟ್ಟಿಲ್ಲ, ಅದಕ್ಕೆ. ಎಲ್ಲಾನೂ ನಿನ್ನ ಕೈಯಲ್ಲೇ ಮಾಡಿಸಿದೀನಿ. ಇನ್ನು ಎರಡು ವಾರ ಅಂಗಡಿ ಮುಚ್ಚಿದ್ರೂ ಮುಚ್ಚಲಿ. ಉಪವಾಸ ಏನೂ ಬೀಳಲ್ಲ."

ಅತ್ತೆ ಕಾಲುಚೀಲಗಳನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತರು. ನಮ್ಮವರು ಖಾಲಿ ಬಕೆಟ್ಟು ನೋಡುತ್ತ ನಿಂತರು. ಆಮೇಲೆ ಅದನ್ನೆತ್ತಿ ತೊಟ್ಟಿಯಿಂದ ನೀರು ತುಂಬಿ, ಸೋಡಾ ಹಾಕಿ, ಅತ್ತೆಯ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಹೇಳಮ್ಮ. ಎಣ್ಣೆ ಕಲೆಗೆ ಮೊದಲು ಬಿಸಿನೀರಾ, ತಣ್ಣೀರಾ?"

"ಮೊದಲು ಒಣ ಪುಡಿ ಹಾಕೋ, ದಡ್ಡ. ಅದು ಎಣ್ಣೆ ಹೀರಿಕೊಳ್ಳಲಿ. ನೀರು ಆಮೇಲೆ" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

ಆ ಎರಡು ವಾರ ಅಮ್ಮ ಮಗ ಅಂಗಳದಲ್ಲಿ ಹಾಗೇ ಕೂತರು. ಇವರು ಉಜ್ಜುವುದು, ಅವರು ಬೈಯುವುದು. ನಾದಿನಿ ಭಾನುವಾರ ಬಂದವಳು ಅಣ್ಣನ ಕೈ ನೋಡಿ, "ಅಯ್ಯೋ ಅಣ್ಣ, ನಿಂಗಿನ್ನು ಬೆರಳಿಟ್ರೆ ಫೋನ್ ಬೀಗ ತೆಗೆಯಲ್ಲ ಬಿಡು!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ತಾನೂ ತೋಳು ಮಡಿಸಿ ಒಂದು ರಾಶಿ ಒಗೆದು ಹೋದಳು. ಹೋಗುವಾಗ ಅತ್ತೆಯ ಕೈಗೆ ಅವಳೇ ಎಣ್ಣೆ ಹಚ್ಚಿದಳು. ಹೋಟೆಲಿನವನಿಗೆ ನಮ್ಮವರು ಎರಡು ಮೇಜುಬಟ್ಟೆ ಸುಮ್ಮನೆ ಒಗೆದು ತೋರಿಸಿದರು. ಅವನು ತಿರುಗಿಸಿ ಮುರುಗಿಸಿ ನೋಡಿ, ಅರ್ಧ ಗಂಟು ಕಳಿಸಲು ಒಪ್ಪಿದ.

ಮತ್ತೆ ಬ್ಯಾಂಕು. ಕನ್ನಡಕದ ಹುಡುಗಿ ಅತ್ತೆಯ ಕೈ ಹಿಡಿದು, "ಅಬ್ಬಾ, ಎಷ್ಟು ಮೆತ್ತಗಾಗಿದೆ!" ಎಂದಳು. ಹೆಬ್ಬೆರಳು, ಕುಯ್ಯ್. ತೋರುಬೆರಳು, ಕುಯ್ಯ್. ಮಾವ ನನ್ನ ತೋಳು ಹಿಡಿದುಕೊಂಡರು. ಬಲಗೈ ಎಲ್ಲ ಆಯಿತು. ಎಡಗೈಯ ಉಂಗುರದ ಬೆರಳಿಟ್ಟಾಗ ಪೆಟ್ಟಿಗೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಟಿಂಗ್ ಎಂದು ಹಸಿರು ದೀಪ ಹತ್ತಿತು. ಪರದೆಯ ಮೇಲೆ ಅತ್ತೆಯ ಪೂರ್ತಿ ಹೆಸರು ಬಂತು. ನಾನು ಓದಿ ಹೇಳಿದೆ.

"ಇನ್ನೊಂದು ಸಲ ಓದೇ" ಎಂದರು.

ಇನ್ನೊಂದು ಸಲ ಓದಿದೆ. ನಮ್ಮವರು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಆಯ್ತು, ಆಯ್ತು!" ಎಂದು ಕೂಗಿದರು. ಹುಡುಗಿ ನಗುತ್ತಲೇ ಒಂದು ಮಾತು ಸೇರಿಸಿದಳು. "ದುಡ್ಡು ತೆಗೆಯುವಾಗಲೂ ಪ್ರತಿ ಸಲ ಬೆರಳು ಕೇಳತ್ತೆ ಅಮ್ಮ. ಮತ್ತೆ ಸೋಡಾ ನೀರಿಗೆ ಇಳಿದ್ರೆ ಇದೂ ಹೋಗಿಬಿಡತ್ತೆ. ಹುಷಾರು."

ದಾರಿಯುದ್ದಕ್ಕೂ ಆ ಮಾತನ್ನು ಯಾರೂ ಎತ್ತಲಿಲ್ಲ.

ಅತ್ತೆಯ ಹೆಸರಿನ ಹೊಸ ಸ್ಕ್ಯಾನರ್ ಬಂತು. ಡಬ್ಬಿ ಮೊದಲ ದಿನ ನಲವತ್ತು ಎಂದು ಕೂಗಿದಾಗ ಅತ್ತೆ, "ಅಷ್ಟು ಜೋರಾಗಿ ಯಾಕೆ? ನಂಗೆ ಕಿವಿ ಕೇಳತ್ತೆ" ಎಂದು ಗದರಿದರು. ಭಾನುವಾರದ ಹಿಂದಿನ ಸಂಜೆ ನನ್ನನ್ನು ಕರೆದುಕೊಂಡು ಮೂಲೆಯ ಅಂಗಡಿಗೆ ಹೋಗಿ, ಉಂಗುರದ ಬೆರಳಿಟ್ಟು, ನೋಟು ಇಸಿದುಕೊಂಡರು. ಮರುದಿನ ಮಗಳನ್ನು ಬಾಗಿಲ ತನಕ ಕಳಿಸಲು ಹೋದರು. ನಾವೆಲ್ಲ ಬೇರೆ ಕಡೆ ನೋಡಿದೆವು. ಅಂಥ ಸುಖ ನನಗೆ ಹೊಸ ಬಟ್ಟೆ ಕೊಂಡಾಗಲೂ ಆಗಿಲ್ಲ.

ಆ ರಾತ್ರಿ ಊಟ ಮುಗಿಯಿತು. ನಮ್ಮವರು ಕೈ ನೀವಿಕೊಳ್ಳುತ್ತ, "ಅಂತೂ ಮುಗೀತಪ್ಪ. ನಾಳೆಯಿಂದ ಅಮ್ಮ ಕಲ್ಲಿಗೆ ಬರ್ತಾಳೆ, ನನ್ನ ಸೊಂಟ ಉಳೀತು" ಎಂದರು.

ಅತ್ತೆ ಹೌದೆನ್ನುವಂತೆ ತಲೆಯಾಡಿಸಿ, ಅಭ್ಯಾಸದಂತೆ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

"ಆ ಹುಡುಗಿ ಹೇಳಿದ್ದು ಮರೆತುಹೋಯ್ತಾ? ಪ್ರತಿ ಸಲ ಬೆರಳು ಬೇಕು" ಎಂದೆ.

ನಮ್ಮವರ ಮುಖ ಇಳಿಯಿತು. "ಹಾಗಾದ್ರೆ ಇದು ಎಲ್ಲಿಯ ತನಕ?"

ಅತ್ತೆ ತಟ್ಟೆ ಹಿಡಿದ ಕೈಯನ್ನು ನೋಡಿಕೊಂಡರು. ಮಾವ ಎದ್ದು, ಅವರ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡರು.

"ಅವಳು ಇರೋ ತನಕ" ಎಂದರು. "ಏಳೋ, ನೀರು ತಾ."